ಉದುರದ ಕೂದಲು ಎಲ್ಲಿ ಹೋಗುತ್ತದೆ?

ಹೋದ ಮಳೆಗಾಲದಲ್ಲಿ ನಂಜನಗೂಡಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಪಶುವೈದ್ಯನ ಕೆಲಸದಿಂದ ನಾನು ನಿವೃತ್ತನಾಗಿ ಬಹಳ ಕಾಲವಾಗಿದೆ. ಆದರೂ ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಹಳೇ ಪರಿಚಯದವರು ನನ್ನನ್ನು ಮರೆತಿಲ್ಲ. ‘ಡಾಕ್ಟ್ರೇ, ನಮ್ಮ ಗುಂಡ ಎರಡು ದಿನದಿಂದ ಮುಂಗಾಲು ಎತ್ಕೊಂಡು ಕುಂಟ್ತಾ ಇದಾನೆ. ಮುಟ್ಟಕ್ಕೆ ಹೋದ್ರೆ ಗುರ್ ಅಂತಾನೆ. ಅವನು ಹಂಗ್ ಮಾಡೋನೇ ಅಲ್ಲ. ಒಂದ್ಸಲ ಬಂದು ನೋಡ್ತೀರಾ?’

ಹೋದೆ. ಹೆಂಚಿನ ಮನೆ, ಮುಂದೆ ಜಗಲಿ. ಜಗಲಿಯ ಮೇಲೆ ಕೆನೆ ಬಣ್ಣದ ದೊಡ್ಡ ನಾಯಿ ಮಲಗಿತ್ತು. ಮೈಕಟ್ಟು ಲ್ಯಾಬ್ರಡಾರ್‌ನದು, ಮೈಮೇಲಿನ ಕೂದಲು ಮಾತ್ರ ಗುಂಗುರು ಗುಂಗುರು. ಮುಖದಲ್ಲಿ ಗಡ್ಡ, ಮೀಸೆ. ಬೀದಿಯ ಹುಡುಗರು ಅದಕ್ಕೆ ‘ಕುರಿನಾಯಿ’ ಎಂದು ಹೆಸರಿಟ್ಟಿದ್ದರು. ಅದು ಲ್ಯಾಬ್ರಡೂಡಲ್: ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಪಡೆದ ಮಿಶ್ರ ತಳಿ. ಮಗಳು ಬೆಂಗಳೂರಿನಲ್ಲಿ ಸಾಕಿಕೊಂಡಿದ್ದಳು. ಕೆಲಸದ ಮೇಲೆ ಹೊರದೇಶಕ್ಕೆ ಹೊರಟಾಗ ಅಪ್ಪ ಅಮ್ಮನ ಬಳಿ ಬಿಟ್ಟು ಹೋದಳು.

ಕಾಲಿನಲ್ಲಿ ಮುಳ್ಳಿರಲಿಲ್ಲ, ಮೂಳೆಗೂ ಏನೂ ಆಗಿರಲಿಲ್ಲ. ಕಂಕುಳಿಗೆ ಕೈ ಹಾಕಿದರೆ ಬೆರಳಿಗೆ ಕೂದಲು ಸಿಗಲಿಲ್ಲ, ಕಂಬಳಿ ಸಿಕ್ಕಿತು. ಸಿಕ್ಕು ಸಿಕ್ಕಾಗಿ ಹೆಣೆದುಕೊಂಡು ಅಂಗೈ ಅಗಲದ ಗಟ್ಟಿ ಹಾಳೆಯಾಗಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಅದು ಚರ್ಮವನ್ನು ಜಗ್ಗುತ್ತಿತ್ತು. ಕತ್ತರಿಸಿ ಬಿಡಿಸಿದರೆ ಒಳಗೆ ಕೆಂಪಗೆ, ಒದ್ದೆಯಾಗಿ, ವಾಸನೆ ಹಿಡಿದ ಚರ್ಮ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ನೊಣ ಕೂತು ಹುಳ ಬೀಳುತ್ತಿತ್ತು. ಕಿವಿಯ ಹಿಂದೆ, ತೊಡೆಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ ಎಲ್ಲ ಕಡೆಯೂ ಅದೇ ಸ್ಥಿತಿ. ಎರಡು ಗಂಟೆ ಕೂತು ಕೂದಲು ಕತ್ತರಿಸುವ ಯಂತ್ರ ಆಡಿಸಿದೆ. ಗುಂಡ ಕೊನೆಗೆ ದೇವಸ್ಥಾನದ ಮುಂದೆ ಮುಡಿ ಕೊಟ್ಟು ಕಪಿಲೆಯಲ್ಲಿ ಮುಳುಗಿ ಬಂದ ಭಕ್ತನ ಹಾಗೆ ಎದ್ದು ನಿಂತ.

ಮೇಷ್ಟ್ರಿಗೆ ಕಣ್ಣು ತುಂಬಿತ್ತು. ‘ಕೂದಲು ಉದುರಲ್ಲ ಅಂತ ಹೇಳಿ ಕೊಟ್ಟಿದ್ರಂತೆ ಡಾಕ್ಟ್ರೇ. ಉದುರಲ್ಲ ಅಂದ್ಮೇಲೆ ಬಾಚೋದ್ಯಾಕೆ ಅಂತ ನಾವೂ ಸುಮ್ಮನಾದ್ವಿ.’

ಈ ಅಂಕಣ ಬರೆಯಲು ಕಾರಣವೇ ಆ ಮಾತು. ಉದುರದ ಕೂದಲು ಎಂಬುದು ಲೋಕದಲ್ಲಿಲ್ಲ. ಪ್ರತಿ ಕೂದಲೂ ಬೆಳೆಯುತ್ತದೆ, ಕೆಲಕಾಲ ನಿಲ್ಲುತ್ತದೆ, ಸತ್ತು ಬುಡದಿಂದ ಕಳಚುತ್ತದೆ. ಲ್ಯಾಬ್ರಡಾರ್‌ನ ಮೈಯಿಂದ ಬಿಟ್ಟ ಕೂದಲು ನೆಲಕ್ಕೆ ಬೀಳುತ್ತದೆ, ಸೋಫಾಕ್ಕೆ ಅಂಟುತ್ತದೆ, ಪೊರಕೆಗೆ ಬರುತ್ತದೆ. ಪೂಡಲ್‌ನ ಕೂದಲು ಬೆಳೆಯುವ ಕಾಲವೇ ದೀರ್ಘ, ಮನುಷ್ಯರ ತಲೆಗೂದಲಿನ ಹಾಗೆ. ಹಾಗಾಗಿ ಉದುರುವುದು ಕಡಿಮೆ. ಉದುರಿದ್ದೂ ಪಕ್ಕದ ಗುಂಗುರಿನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ಪೊರಕೆಗೆ ಬಾರದ ಕೂದಲು ನಾಯಿಯ ಮೈಮೇಲೇ ಇರುತ್ತದೆ. ಅದನ್ನು ತೆಗೆಯಲು ಒಬ್ಬರ ಕೈ ಬೇಕು, ದಿನವೂ ಬೇಕು.

ಈ ತಳಿ ಹುಟ್ಟಿದ್ದೇ ಒಂದು ಮನೆಯ ಕಷ್ಟ ನೀಗಿಸಲು. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಅಂಧರ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬುವರು ಮರಿ ಮಾಡಿಸುವ ವಿಭಾಗ ನೋಡಿಕೊಳ್ಳುತ್ತಿದ್ದರು. ಹವಾಯಿಯ ಒಬ್ಬ ದೃಷ್ಟಿಹೀನ ಮಹಿಳೆಗೆ ದಾರಿ ತೋರುವ ನಾಯಿ ಬೇಕಾಗಿತ್ತು. ಆಕೆಯ ಗಂಡನಿಗೆ ನಾಯಿಯ ಅಲರ್ಜಿ. ಕಾನ್ರನ್ ಮೊದಲು ಪೂಡಲ್‌ಗಳನ್ನೇ ತರಬೇತಿಗೆ ಹಾಕಿದರು. ಮೂವತ್ತಕ್ಕೂ ಹೆಚ್ಚು ನಾಯಿಗಳನ್ನು ನೋಡಿದರೂ ಒಂದೂ ಆ ಕೆಲಸಕ್ಕೆ ಒಗ್ಗಲಿಲ್ಲ. ಕೊನೆಗೆ ತಮ್ಮ ಒಳ್ಳೆಯ ಲ್ಯಾಬ್ರಡಾರ್ ಒಂದನ್ನು ಪೂಡಲ್ ಜೊತೆ ಕೂಡಿಸಿದರು. ಮೂರು ಮರಿ ಹುಟ್ಟಿದವು. ಮರಿಗಳ ಕೂದಲು, ಜೊಲ್ಲು ಹವಾಯಿಗೆ ಹೋದವು. ಆ ಗಂಡನಿಗೆ ಅಲರ್ಜಿ ಬಾರದಿದ್ದದ್ದು ಒಂದೇ ಮರಿಯಿಂದ. ಅದರ ಹೆಸರು ಸುಲ್ತಾನ್. ಆದರೆ ಮರಿಗಳನ್ನು ಸಾಕಿ ಪಳಗಿಸಿಕೊಡಿ ಎಂದರೆ ಮಿಶ್ರ ತಳಿ ಎಂಬ ಕಾರಣಕ್ಕೆ ಯಾವ ಮನೆಯವರೂ ಮುಂದೆ ಬರಲಿಲ್ಲ. ಆಗ ಕಾನ್ರನ್ ಪತ್ರಿಕೆಯವರಿಗೆ ‘ಲ್ಯಾಬ್ರಡೂಡಲ್’ ಎಂಬ ಹೆಸರು ಕೊಟ್ಟರು. ಹೆಸರು ಹಬ್ಬಿತು, ಬೇಡಿಕೆ ನುಗ್ಗಿ ಬಂತು.

ಅದೇ ಹೆಸರು ಮುಂದೆ ಅವರಿಗೆ ನೋವಾಯಿತು. 2019ರಲ್ಲಿ ಆಸ್ಟ್ರೇಲಿಯಾದ ಬಾನುಲಿಯೊಂದಿಗೆ ಮಾತಾಡುತ್ತಾ, ಇದು ತಮ್ಮ ಬದುಕಿನ ದೊಡ್ಡ ಪಶ್ಚಾತ್ತಾಪ ಎಂದರು. ನಾಯಿಯ ಮೇಲೆ ಅವರಿಗೆ ಬೇಸರವಿರಲಿಲ್ಲ. ಹಣದಾಸೆಗೆ ಸಿಕ್ಕ ಸಿಕ್ಕ ನಾಯಿಗೆ ಪೂಡಲ್ ಕೂಡಿಸಿ, ತಾಯಿ ತಂದೆಯ ಆರೋಗ್ಯ ನೋಡದೆ, ‘ಅಲರ್ಜಿ ಬರುವುದಿಲ್ಲ’ ಎಂದು ಹೇಳಿ ಮಾರುವವರ ಮೇಲೆ ಬೇಸರ. ಕಾಕರ್ ಸ್ಪ್ಯಾನಿಯಲ್ ಜೊತೆಗೂಡಿದ್ದು ಕಾಕಪೂ, ಮಾಲ್ಟೀಸ್ ಜೊತೆಗೂಡಿದ್ದು ಮಾಲ್ಟಿಪೂ, ಗೋಲ್ಡನ್ ರಿಟ್ರೀವರ್ ಜೊತೆಗೂಡಿದ್ದು ಗೋಲ್ಡನ್‌ಡೂಡಲ್. ಹೆಸರು ಹಲವು, ಎಲ್ಲದರ ಮೈಯಲ್ಲೂ ಅದೇ ಪೂಡಲ್ ನೆತ್ತರು.

ಮೇಷ್ಟ್ರ ಹೆಂಡತಿಗೆ ಉಬ್ಬಸವಿದೆ. ‘ಇದರಿಂದ ನಿಮಗೇನೂ ಆಗಲ್ಲಮ್ಮ’ ಎಂದು ಮಗಳು ಧೈರ್ಯ ಹೇಳಿದ್ದಳಂತೆ. ನಿಜ ಹೇಳಬೇಕೆಂದರೆ, ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿರುವ ಪ್ರೋಟೀನುಗಳು. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ನಾಯಿ ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಹತ್ತಿ ಒಣಗಿ ಗಾಳಿಗೆ ಸೇರುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಲ್ಯಾಬ್ರಡೂಡಲ್, ಪೂಡಲ್ ಮೊದಲಾದ ‘ಅಲರ್ಜಿರಹಿತ’ ನಾಯಿಗಳ ಕೂದಲನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಆ ಪ್ರೋಟೀನು ಬೇರೆ ನಾಯಿಗಳಿಗಿಂತ ಕಡಿಮೆಯೇನೂ ಇರಲಿಲ್ಲ, ಹೆಚ್ಚೇ ಇತ್ತು. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ದೂಳಿನಲ್ಲಿ ಸ್ವಲ್ಪ ಕಡಿಮೆ ಕಂಡಿತು, ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲವರಿಗೆ ಕೆಲವು ನಾಯಿ ಒಗ್ಗುತ್ತದೆ, ಸುಲ್ತಾನ್ ಒಗ್ಗಿದ ಹಾಗೆ. ಅದನ್ನು ತಳಿಯ ಹೆಸರು ಹೇಳಲಾರದು. ಆ ನಾಯಿಯ ಜೊತೆ ನಾಲ್ಕಾರು ದಿನ, ಗಂಟೆಗಟ್ಟಲೆ ಕೂತು ನೋಡಿದಾಗಲೇ ಗೊತ್ತಾಗುವುದು. ಉಬ್ಬಸ ಇರುವವರ ಮನೆಯಲ್ಲಿ ನಾಯಿಗೆ ಮಲಗುವ ಕೋಣೆ ಬೇಡ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಎದೆ ಬಿಗಿದರೆ ನನ್ನಂಥವನಿಗಲ್ಲ, ಮನುಷ್ಯರ ಡಾಕ್ಟರಿಗೆ ತೋರಿಸಿ.

ಒಂದೇ ತಾಯಿಯ ಮರಿಗಳಲ್ಲಿ ಒಂದರ ಕೂದಲು ಹೀಗೆ, ಇನ್ನೊಂದರದು ಹಾಗೆ ಏಕೆ? ಇದನ್ನು ಟಿ. ನರಸೀಪುರದ ರೇಷ್ಮೆ ಬೆಳೆಗಾರರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಆ ಊರಿನಲ್ಲಿ ಸರ್ಕಾರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಿದೆ, 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಅಲ್ಲಿಂದ ನೂಲು ಹೋಗುತ್ತದೆ. ರೈತರು ‘ಸೀಬಿ ಗೂಡು’ ಎನ್ನುವುದು ಮಿಶ್ರ ತಳಿಯ ಗೂಡಿಗೇ. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಬೈವೋಲ್ಟೀನ್ ತಳಿಯ ಗಂಡು ಕೂಡಿಸಿ ಪಡೆದ ಮೊಟ್ಟೆಯಿಂದ ಬರುವ ಹುಳ ನಮ್ಮ ಸೆಕೆಯನ್ನೂ ತಡೆಯುತ್ತದೆ, ನೂಲನ್ನೂ ಹೆಚ್ಚು ಕೊಡುತ್ತದೆ. ಅದೇ ಸೀಬಿ ಗೂಡಿನ ಚಿಟ್ಟೆಗಳನ್ನು ಕೂಡಿಸಿ ಮೊಟ್ಟೆ ಇಡಿಸಿ ಮುಂದಿನ ಬೆಳೆ ಮಾಡುವ ರೈತನನ್ನು ನಾನು ನೋಡಿಲ್ಲ. ಮುಂದಿನ ತಲೆಮಾರಿನಲ್ಲಿ ಹುಳ ಒಂದೊಂದು ಥರ ಒಡೆಯುತ್ತದೆ, ಗೂಡು ಒಂದೊಂದು ಅಳತೆ ಕಟ್ಟುತ್ತದೆ ಎಂದು ಅವನಿಗೆ ಗೊತ್ತು. ಪ್ರತಿ ಸಲ ಹೊಸ ಮೊಟ್ಟೆ, ಹೊಸ ಚಾಕಿ ಹುಳ.

ನಾಯಿಯಲ್ಲೂ ಲೆಕ್ಕ ಅದೇ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಯಿಗಳ ಕೂದಲಿನ ಬಗೆಗಳನ್ನು ಬಹುಪಾಲು ಮೂರೇ ವಂಶವಾಹಿಗಳು ತೀರ್ಮಾನಿಸುತ್ತವೆ ಎಂದು ತೋರಿಸಿದರು. ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಒಂದು ಗಡ್ಡ ಮೀಸೆ ಹುಬ್ಬಿಗೆ. ಪೂಡಲ್‌ಗೆ ಮೂರೂ ಇವೆ, ಲ್ಯಾಬ್ರಡಾರ್‌ಗೆ ಒಂದೂ ಇಲ್ಲ. ಮೊದಲ ತಲೆಮಾರಿನ ಮರಿಗಳಿಗೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ಎಲ್ಲಕ್ಕೂ ಮೀಸೆ ಬರುತ್ತದೆ, ಕೂದಲು ಹೆಚ್ಚು ಕಡಿಮೆ ಅಲೆಯಲೆಯಾಗಿರುತ್ತದೆ, ಸ್ವಲ್ಪ ಉದುರುವುದೂ ಉಂಟು. ಅವುಗಳನ್ನು ಮತ್ತೆ ಪೂಡಲ್‌ಗೇ ಕೂಡಿಸಿದರೆ ಗುಂಗುರು ಹೆಚ್ಚಿ ಉದುರುವುದು ಕಡಿಮೆಯಾಗುತ್ತದೆ. ಮೊದಲ ತಲೆಮಾರಿನ ಎರಡನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸುಮಾರು ನಾಲ್ಕರಲ್ಲಿ ಒಂದು ಮರಿ ಮೀಸೆಯಿಲ್ಲದೆ ಹುಟ್ಟಬಹುದು. ಆ ನುಣುಪು ಮುಖದ ಮರಿ ಲ್ಯಾಬ್ರಡಾರ್‌ನ ಹಾಗೆಯೇ ಮನೆ ತುಂಬ ಕೂದಲು ಉದುರಿಸುತ್ತದೆ. ಅದರಲ್ಲಿ ಮರಿಯ ತಪ್ಪೇನಿದೆ? ‘ಉದುರಲ್ಲ ಅಂದಿದ್ರಿ’ ಎಂದು ಅದನ್ನು ಬೀದಿಗೆ ಬಿಟ್ಟವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಬಾಚುವ ವಿಚಾರ. ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಇಲ್ಲಿ ಸೋತರೆ ಉಳಿದ ಆರೈಕೆಯೆಲ್ಲ ನೀರುಪಾಲು.

ಬನ್ನೂರು ಕುರಿ ನಮ್ಮ ನರಸೀಪುರ ತಾಲ್ಲೂಕಿನ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ತಳಿ. ಬಂಡೂರು ಕುರಿ ಎಂದರೂ ಅದೇ. ಅದರ ಮೈಮೇಲಿನದು ಒರಟು ಗಿಡ್ಡ ಕೂದಲು, ಕುರಿಗಾಹಿ ಅದಕ್ಕೆ ಬಾಚಣಿಗೆ ಹಿಡಿಯಬೇಕಾಗಿಲ್ಲ. ಗುಂಡನ ಮೈ ನೋಡಿ ಹುಡುಗರು ಕುರಿ ಎಂದರಲ್ಲ, ಅದು ಈ ಕುರಿಯಲ್ಲ. ಚಳಿನಾಡಿನಲ್ಲಿ ತುಪ್ಪಟಕ್ಕೆಂದೇ ಸಾಕುವ ಕುರಿಯ ಹಾಗೆ, ಕತ್ತರಿಸದಿದ್ದರೆ ಬೆಳೆಯುತ್ತಲೇ ಹೋಗುವ ಕೂದಲು.

ಅಂಗಡಿಯಲ್ಲಿ ಎರಡು ಸಾಮಾನು ಕೇಳಿ. ಒಂದು, ಬಾಗಿದ ಸಣ್ಣ ತಂತಿಗಳಿರುವ ಸ್ಲಿಕರ್ ಬ್ರಷ್. ಇನ್ನೊಂದು, ಹಲ್ಲು ಉದ್ದವಿರುವ ಸ್ಟೀಲ್ ಬಾಚಣಿಗೆ. ನಾಯಿಯನ್ನು ಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಕಡೆಯಿಂದ ಶುರುಮಾಡಿ. ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದರೆ ಕೆಳಗೆ ಚರ್ಮದ ಒಂದು ಗೆರೆ ಬೈತಲೆಯ ಹಾಗೆ ಕಾಣಬೇಕು. ಆ ಗೆರೆಯಿಂದ ಕೂದಲನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಬಿಡುತ್ತಾ ಬಾಚಿ. ಒಂದು ಸಾಲು ಮುಗಿದ ಮೇಲೆ ಇನ್ನೊಂದು ಸಾಲು, ಗದ್ದೆಯಲ್ಲಿ ಪೈರು ನೆಡುವ ಹಾಗೆ. ಮೇಲೆ ಮೇಲೆ ಸವರಿದರೆ ನೋಡಲು ಹತ್ತಿಯ ಹಾಗೆ ಮೆತ್ತಗಿರುತ್ತದೆ, ಬುಡದಲ್ಲಿ ಕಂಬಳಿ ಬೆಳೆಯುತ್ತಿರುತ್ತದೆ. ಮೇಷ್ಟ್ರ ಮನೆಯಲ್ಲಿ ಆಗಿದ್ದೂ ಅದೇ, ಬೆನ್ನಿನ ಮೇಲೆ ಒಂದು ಬ್ರಷ್ ಆಡಿಸಿ ಬಿಡುತ್ತಿದ್ದರು. ಕೊನೆಯಲ್ಲಿ ಸ್ಟೀಲ್ ಬಾಚಣಿಗೆಯನ್ನು ಬುಡಕ್ಕೆ ಇಳಿಸಿ ಎಳೆಯಿರಿ. ಎಲ್ಲೂ ತಡೆಯದೆ ಬಂದರೆ ಆ ದಿನದ ಕೆಲಸ ಮುಗಿಯಿತು.

ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೊರಳಪಟ್ಟಿಯ ಕೆಳಗೆ, ಬೆರಳ ನಡುವೆ, ಬಾಲದ ಬುಡ: ಸಿಕ್ಕು ಹುಟ್ಟುವ ಜಾಗಗಳು ಇವು. ಆರು ತಿಂಗಳಿಂದ ಒಂದು ವರ್ಷದೊಳಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಕಾಲದಲ್ಲಿ ಒಂದು ದಿನ ಬಿಟ್ಟರೂ ಗಂಟು ಕಟ್ಟುತ್ತದೆ. ಸಿಕ್ಕಾದ ಮೈಗೆ ನೀರು ಹಾಕಬಾರದು. ನೆನೆದು ಒಣಗಿದ ಗಂಟು ಇನ್ನಷ್ಟು ಬಿಗಿಯುತ್ತದೆ. ಮೊದಲು ಬಾಚಿ, ಆಮೇಲೆ ಸ್ನಾನ, ಒಣಗಿಸಿದ ಮೇಲೆ ಮತ್ತೆ ಬಾಚಿ. ನಮ್ಮ ಶಾಂಪೂ, ಸೋಪು ಬೇಡ, ನಾಯಿಯ ಚರ್ಮದ ಗುಣ ಬೇರೆ. ಬಿಡಿಸಲಾಗದ ಗಂಟನ್ನು ಎಳೆದು ಹಿಂಸೆ ಮಾಡುವುದಕ್ಕಿಂತ ಬೋಳಿಸುವುದೇ ದಯೆ. ಗಂಟಿನ ಕೆಳಗೆ ಕತ್ತರಿ ತೂರಿಸಬೇಡಿ, ಗಂಟಿನೊಳಗೆ ಚರ್ಮವೂ ಸೇರಿಕೊಂಡಿರುತ್ತದೆ, ಎಷ್ಟೋ ಮನೆಗಳಲ್ಲಿ ಕೊಯ್ದುಕೊಂಡಿದ್ದಾರೆ. ಆರರಿಂದ ಎಂಟು ವಾರಕ್ಕೊಮ್ಮೆ ಮೈಸೂರಿಗೆ ಕರೆದೊಯ್ದು ಕೂದಲು ಕತ್ತರಿಸಿಸುವುದು, ಇಲ್ಲವೇ ಯಂತ್ರ ಕೊಂಡು ಮನೆಯಲ್ಲೇ ಕಲಿಯುವುದು. ನಮ್ಮ ಊರುಗಳಿಗೆ ಒಂದೂವರೆ ಇಂಚಿನ ಗಿಡ್ಡ ಕೂದಲೇ ಚೆಂದ. ಚಿತ್ರದಲ್ಲಿರುವ ಹಾಗೆ ಉಬ್ಬಿದ ಕೂದಲು ಬೇಕೆನ್ನುವವರು ದಿನಕ್ಕೆ ಅರ್ಧ ಗಂಟೆ ಎತ್ತಿಡಬೇಕು.

ಪೂಡಲ್ ಎಂಬ ಹೆಸರೇ ಜರ್ಮನ್ ಭಾಷೆಯಲ್ಲಿ ನೀರಿನಲ್ಲಿ ಪಟಪಟ ಬಡಿಯುವುದಕ್ಕಿರುವ ಮಾತಿನಿಂದ ಬಂದದ್ದು. ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕೆರೆಯಿಂದ ಎತ್ತಿ ತರುವ ನಾಯಿ ಅದು. ಈಜುವಾಗ ಭಾರವಾಗದಿರಲೆಂದು ಹಿಂಭಾಗ ಬೋಳಿಸಿ, ಚಳಿ ತಾಗದಿರಲೆಂದು ಎದೆ, ಕೀಲುಗಳ ಮೇಲೆ ಕೂದಲು ಉಳಿಸುತ್ತಿದ್ದರು. ಇಂದು ಸೊಗಸೆಂದು ಕಾಣುವ ಆ ಕತ್ತರಿಕೆ ಹುಟ್ಟಿದ್ದು ಕೆಲಸದಿಂದ. ಲ್ಯಾಬ್ರಡಾರ್‌ನ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಬೆಸ್ತರ ಜೊತೆ ಬಲೆ ಎಳೆದವು. ಎರಡೂ ಕಡೆ ನೀರಿನ ನೆತ್ತರು. ಹೀಗಾಗಿ ಗುಂಡನಿಗೆ ಕಪಿಲೆ ಕಂಡರೆ ಕಾಲು ನಿಲ್ಲುವುದಿಲ್ಲ. ಈಜಲಿ, ತಪ್ಪಿಲ್ಲ. ಆದರೆ ಸ್ನಾನಘಟ್ಟದಲ್ಲಿ ಬೇಡ, ಅಲ್ಲಿ ಜನ ಮುಳುಗೇಳುತ್ತಾರೆ. ತಿರುಮಕೂಡಲು ಸಂಗಮದಲ್ಲೂ ಬೇಡ, ಅಲ್ಲಿ ಎರಡು ಹೊಳೆಯ ಸೆಳೆತ ಸೇರುತ್ತದೆ. ನಾಲೆಗೆ ಇಳಿಸುವುದು ಇನ್ನೂ ಅಪಾಯ, ಕಾಂಕ್ರೀಟ್ ಗೋಡೆ ಹತ್ತಿ ಬರಲು ನಾಯಿಗೆ ಆಗುವುದಿಲ್ಲ.

ನೀರಿಗೆ ಹೋದ ದಿನ ಕಿವಿ ನೋಡಲೇಬೇಕು. ಜೋತುಬಿದ್ದ ಕಿವಿ, ಒಳಗೆ ಕೂದಲು, ಅದರ ಮೇಲೆ ನಮ್ಮ ಸೆಕೆ. ಗಾಳಿಯಾಡದೆ ಒಳಗೆ ಬೂಷ್ಟು ಬೆಳೆಯುತ್ತದೆ. ತಲೆ ಕೊಡವುತ್ತಲೇ ಇದ್ದರೆ, ಕಿವಿಯಿಂದ ಹುಳಿ ವಾಸನೆ ಬಂದರೆ, ಕಂದು ಗುಗ್ಗೆ ಕಂಡರೆ ಡಾಕ್ಟರಿಗೆ ತೋರಿಸಿ. ಬೆಚ್ಚಗಿನ ಎಣ್ಣೆ ಹಾಕುವ ಅಭ್ಯಾಸ ನಮ್ಮಲ್ಲಿದೆ, ಅದು ಒಳಗಿನ ತೇವವನ್ನು ಹಿಡಿದಿಟ್ಟು ರೋಗ ಹೆಚ್ಚಿಸುತ್ತದೆ. ಬಡ್ಸ್ ಹಾಕಿ ತಿರುವಿದರೆ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ನಾಯಿಯ ಕಿವಿಗೆಂದೇ ಇರುವ ದ್ರಾವಣ ಹಾಕಿ, ಬುಡವನ್ನು ಮೆಲ್ಲಗೆ ಉಜ್ಜಿ, ಅದು ಕೊಡವಿದ ಮೇಲೆ ಹತ್ತಿಯಲ್ಲಿ ಹೊರಗಿನದನ್ನಷ್ಟೇ ಒರೆಸಿ.

ದನದ ಕೊಟ್ಟಿಗೆಯ ಮಗ್ಗುಲಲ್ಲಿ ಬೆಳೆದವರಿಗೆ ಉಣ್ಣೆ ಹೊಸದಲ್ಲ. ಕುರಿಯ ತುಪ್ಪಟಕ್ಕೂ ರಕ್ತ ಹೀರುವ ಹುಳಕ್ಕೂ ಒಂದೇ ಮಾತು ಬಳಸುತ್ತೇವೆ, ಈ ನಾಯಿಯಲ್ಲಿ ಅವೆರಡೂ ಒಂದೇ ಕಡೆ ಸೇರುತ್ತವೆ. ಗಿಡ್ಡ ಕೂದಲಿನ ನಾಯಿಯ ಮೇಲೆ ಕಣ್ಣಿಗೆ ಬೀಳುವ ಉಣ್ಣೆ ಗುಂಗುರಿನಲ್ಲಿ ಅಡಗಿ ಕೂರುತ್ತದೆ. ಅದು ತರುವ ಜ್ವರಗಳಲ್ಲಿ ಮುಖ್ಯವಾದವು ಎರ್ಲಿಕಿಯಾ ಮತ್ತು ಬೆಬೀಸಿಯಾ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಮೂತ್ರದ ಬಣ್ಣ ಕಪ್ಪಾಗುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ರಕ್ತ ಪರೀಕ್ಷೆಯಾಗಬೇಕು. ಹೊತ್ತಿಗೆ ಸರಿಯಾಗಿ ಹಿಡಿದರೆ ಬಹುಪಾಲು ನಾಯಿಗಳು ಉಳಿಯುತ್ತವೆ. ಎರ್ಲಿಕಿಯಾಕ್ಕೆ ಕೊಡುವ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಮುಂದುವರಿಸಬೇಕು. ಮೂರನೇ ದಿನ ನಾಯಿ ಎದ್ದು ಓಡಾಡಿತೆಂದು ನಿಲ್ಲಿಸುವವರೇ ಹೆಚ್ಚು, ಹಾಗೆ ಮಾಡಬೇಡಿ. ಉಣ್ಣೆ ಕೀಳಲು ಚಿಮುಟ ಬಳಸಿ, ಸೀಮೆಎಣ್ಣೆ ಬೇಡ. ದನಕ್ಕೆ ತಂದಿಟ್ಟ ಉಣ್ಣೆ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಸುರಿಯಬೇಡಿ. ಹೊಲದ ಬದುವಿನಲ್ಲಿ ಸುತ್ತಿ ಬಂದ ದಿನ ಉತ್ತರಾಣಿ ಬೀಜ, ಊಬಿನ ಹುಲ್ಲು ಬೆರಳ ಸಂದಿಯಲ್ಲಿ ಸೇರಿಕೊಂಡಿರುತ್ತವೆ, ಅವು ಚರ್ಮ ತೂರಿ ಕೀವು ಕಟ್ಟಿಸುತ್ತವೆ.

ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ನಂಜನಗೂಡಿನ ಡಾಂಬರು ಕಾಯ್ದ ಹೆಂಚು. ಅಂಗೈ ಹಿಂಭಾಗವನ್ನು ಏಳು ಸೆಕೆಂಡು ರಸ್ತೆಯ ಮೇಲೆ ಇಡಲಾಗದಿದ್ದರೆ ನಾಯಿಯ ಪಾದವನ್ನೂ ಇಡಿಸಬಾರದು. ನಾಯಿ ಬೆವರುವುದು ಪಾದದಡಿಯಲ್ಲಿ ಮಾತ್ರ, ಉಳಿದ ಕಾವು ಬಹುಪಾಲು ನಾಲಿಗೆ ಚಾಚಿ ಏದುಸಿರಿನಲ್ಲೇ ಹೋಗಬೇಕು. ಓಡಾಟ ಬೆಳಗ್ಗೆ ಏಳರೊಳಗೆ, ಸಂಜೆ ಹೊತ್ತು ಇಳಿದ ಮೇಲೆ.

ಇರುಳಿನ ಮಾತು ಬೇರೆ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಿಂದ 2023ರ ಜನವರಿಯವರೆಗೆ ಚಿರತೆ ದಾಳಿಗೆ ಜನರೇ ಪ್ರಾಣ ಕಳೆದುಕೊಂಡರು. ಆ ದಿನಗಳ ಭಯ ಕಬ್ಬಿನ ಗದ್ದೆಯ ಅಂಚಿನ ಮನೆಗಳಲ್ಲಿ ಇನ್ನೂ ಇದೆ. ಚಿರತೆಗೆ ನಾಯಿ ಸುಲಭದ ಬೇಟೆ. ತೋಟದ ಮನೆಯಲ್ಲಿ ಕಾವಲಿಗೆಂದು ಇಂಥ ನಾಯಿಯನ್ನು ಹೊರಗೆ ಕಟ್ಟುವವರಿದ್ದಾರೆ. ಕಟ್ಟಿದ ನಾಯಿಗೆ ಓಡಲೂ ಆಗದು. ಲ್ಯಾಬ್ರಡೂಡಲ್‌ನ ಹುಟ್ಟಿನಲ್ಲೇ ಕಾವಲು ಗುಣವಿಲ್ಲ, ಅದು ಹೊಸಬರನ್ನು ಕಂಡು ಬಾಲ ಆಡಿಸುವ ಜೀವ. ರಾತ್ರಿ ಅದರ ಜಾಗ ಮನೆಯೊಳಗೆ.

ಊಟದ ವಿಷಯದಲ್ಲಿ ನಮ್ಮ ಕಡೆಯವರದು ಧಾರಾಳ ಮನಸ್ಸು, ಅದೇ ತೊಂದರೆ. ಚೆನ್ನಾಗಿ ಬೆಂದ ರಾಗಿ ಮುದ್ದೆ ನಾಯಿಗೆ ಒಗ್ಗುತ್ತದೆ, ಆದರೆ ಮುದ್ದೆ ಹಾಲೇ ಊಟವಾದರೆ ಪ್ರೋಟೀನು ಸಾಲದು. ಮೊಟ್ಟೆ, ಬೇಯಿಸಿದ ಕೋಳಿ, ಇಲ್ಲವೇ ಅಳತೆಯ ನಾಯಿ ಆಹಾರ ಸೇರಬೇಕು. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಜಾತ್ರೆಯ ದಿನ ಪ್ರಸಾದ ತಂದು ‘ಪಾಪ, ಅದಕ್ಕೂ ಒಂಚೂರು’ ಎಂದು ಕೇಸರಿಬಾತು, ಪಂಚಾಮೃತ ಕೊಡುವ ಭಕ್ತಿವಂತರಲ್ಲಿ ನನ್ನ ಕೋರಿಕೆ, ದಯವಿಟ್ಟು ಬೇಡ. ನಂಜನಗೂಡು ರಸಬಾಳೆಯ ಒಂದು ತುಂಡು ಕೊಡಿ, ತಿಂದು ಸುಖವಾಗಿರುತ್ತದೆ. ಚಾಕೊಲೇಟ್ ಕೂಡದು. ಜ್ವರ ನೋವಿಗೆಂದು ನಮ್ಮ ಮಾತ್ರೆ ಕೂಡದು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗಕ್ಕೆ, ಹೊಟ್ಟೆ ತುಂಬಿತೆಂದು ಹೇಳುವ ವಂಶವಾಹಿಯಲ್ಲೇ ಒಂದು ತುಂಡು ಇಲ್ಲ ಎಂದು ಕೇಂಬ್ರಿಡ್ಜಿನವರು 2016ರಲ್ಲಿ ಕಂಡುಕೊಂಡರು. ಆ ಹಸಿವು ಮಿಶ್ರ ತಳಿಗೂ ಬರಬಹುದು. ತಟ್ಟೆ ಮುಂದೆ ಕೂತು ನೋಡುವ ಆ ಕಣ್ಣಿಗೆ ಸೋತರೆ ಮೈ ಬಂದು ಸೊಂಟದ ಕೀಲು ಹಾಳಾಗುತ್ತದೆ.

ಸ್ವಭಾವದಲ್ಲಿ ಇದಕ್ಕೆ ಹೆಸರಿಡಲಾಗದು. ಬುದ್ಧಿ ಚುರುಕು, ಮಕ್ಕಳೆಂದರೆ ಪ್ರಾಣ. ಇಪ್ಪತ್ತೈದು ಮೂವತ್ತು ಕೆಜಿಯ ಮೈ, ಹನ್ನೆರಡು ಹದಿನಾಲ್ಕು ವರ್ಷದ ಆಯಸ್ಸು, ದಿನಕ್ಕೆ ಒಂದು ಗಂಟೆಗೂ ಹೆಚ್ಚು ಓಡಾಟ ಬೇಕು. ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆ, ಚಪ್ಪಲಿ ಕಡಿಯುತ್ತದೆ. ವಯಸ್ಸಾದ ಅಪ್ಪ ಅಮ್ಮನಿಗೆ ಬಿಟ್ಟು ಹೋಗುವ ಮಕ್ಕಳು ಈ ಲೆಕ್ಕ ಹಾಕುವುದೇ ಇಲ್ಲ, ಅವರ ಮೇಲೆ ನನಗೆ ಸಿಟ್ಟಿದೆ. ಮೊಣಕಾಲು ನೋವಿನ ಎಪ್ಪತ್ತರ ಕೈಗೆ ಹಗ್ಗ ಕೊಟ್ಟು ಮೂವತ್ತು ಕೆಜಿ ಎಳೆಸುವುದು ಅಪ್ಪನಿಗೂ ನ್ಯಾಯವಲ್ಲ, ನಾಯಿಗೂ ನ್ಯಾಯವಲ್ಲ.

ಮಿಶ್ರ ತಳಿಗೆ ರೋಗ ಕಡಿಮೆ ಎಂಬ ನಂಬಿಕೆ ಇದೆ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಕಾಕಪೂ, ಲ್ಯಾಬ್ರಡೂಡಲ್ ಮತ್ತು ಕವಪೂ ಎಂಬ ಇನ್ನೊಂದು ಪೂಡಲ್ ಮಿಶ್ರ ತಳಿಯನ್ನು ಅವುಗಳ ಮೂಲ ತಳಿಗಳೊಂದಿಗೆ ಹೋಲಿಸಿ 2024ರಲ್ಲಿ ವರದಿ ಮಾಡಿದರು.